ಸಾರಸಗಳು ಏಳದ ಹಾಗೆ

ಗಂಡು ಸಾರಸ ನೀರುಕೋಳಿಯ ಮರಿಯೊಂದನ್ನು ಕೊಲ್ಲುತ್ತಿತ್ತು. ಅದಕ್ಕೆ ಅವಸರವೇನೂ ಇರಲಿಲ್ಲ. ಕೊಕ್ಕಿನಲ್ಲಿ ಎತ್ತಿ ನೀರಿಗೆ ಬಡಿದು, ಮತ್ತೆ ಎತ್ತಿ, ಆಕಡೆ ಈಕಡೆ ಒಮ್ಮೆ ನೋಡಿ, ಮತ್ತೆ ಬಡಿಯುತ್ತಿತ್ತು, ಬಟ್ಟೆ ಒಗೆಯುವವರ ಹಾಗೆ. ಮರಿಯ ತಾಯಿ ಜೊಂಡಿನ ಬುಡದಲ್ಲೆಲ್ಲೋ ಕಿರುಚಿಕೊಳ್ಳುತ್ತಿತ್ತು. ಶುಭಾಶಯದ ಕಾರ್ಡುಗಳ ಮೇಲೆ ಈ ಹಕ್ಕಿಯ ಚಿತ್ರ ಹಾಕಿಸುತ್ತಾರಲ್ಲ, ಜೋಡಿ ಬಿಡದ ಹಕ್ಕಿ, ಶಾಂತಿಯ ಹಕ್ಕಿ ಎಂದು ಪಕ್ಷಿಧಾಮದ ಕಚೇರಿಯ ಗೋಡೆಗೆ ಬಣ್ಣದಲ್ಲಿ ಬರೆಸುತ್ತಾರಲ್ಲ, ಅವರನ್ನೆಲ್ಲ ಎಳೆದು ತಂದು ಈ ಗೋಣಿ ಬಟ್ಟೆಯ ಕಿಂಡಿಗೆ ಮೂತಿ ಒತ್ತಿ ನಿಲ್ಲಿಸಬೇಕು ಎನ್ನಿಸಿತು ಅವನಿಗೆ. ನೋಡಿ ಸ್ವಾಮಿ, ಕಣ್ಣು ಬಿಟ್ಟು ನೋಡಿ. ಆದರೆ ಅವನ ಬೆರಳು ಕ್ಯಾಮೆರಾದ ಗುಂಡಿಯನ್ನು ಒತ್ತಲಿಲ್ಲ. ಇಂಥ ಚಿತ್ರ ಯಾರಿಗೂ ಬೇಡ. ಪಕ್ಷಿಧಾಮದ ಸಾಹೇಬರಿಗೆ ಬೇಕಾದದ್ದು ಮರಿ ಮೊಟ್ಟೆಯೊಡೆದು ಹೊರಬರುವ ಚಿತ್ರ. ಮೊಟ್ಟೆಗಳು ಎರಡು. ಒಂದರ ಮೇಲೆ ನಿನ್ನೆ ಸಂಜೆಯೇ ನಕ್ಷತ್ರದಂಥ ಬಿರುಕು ಕಂಡಿತ್ತು. ಹೆಣ್ಣು ಅವುಗಳ ಮೇಲೆ ಕೂತು, ಗಂಡ ಏನು ಮಾಡುತ್ತಿದ್ದಾನೆ ಎಂಬುದು ತನಗೆ ಸಂಬಂಧವಿಲ್ಲದವಳಂತೆ ಕತ್ತು ನೀಳ ಮಾಡಿಕೊಂಡಿತ್ತು.

ಕಚೇರಿಯವರು ಹೈಡ್ ಎನ್ನುತ್ತಿದ್ದ, ಅಕ್ಕ ಮಾತ್ರ ‘ನಿನ್ನ ಗೋಣಿ ಮನೆ’ ಎನ್ನುತ್ತಿದ್ದ ಆ ಮರೆಯಲ್ಲಿ ಮಂಡಿ ಮಡಿಸಿ ಕೂತರೆ ತಲೆ ಮೇಲಿನ ಬಟ್ಟೆಗೆ ತಾಗುತ್ತಿತ್ತು. ನಾಲ್ಕು ಗಳ, ಸುತ್ತ ಗೋಣಿ, ಗೋಣಿಯ ಮೇಲೆ ಜೊಂಡು, ಕೆಳಗೆ ಕೆಸರಿನಲ್ಲಿ ಹುಗಿದ ಹಲಗೆ. ಮುಂದಿನ ಕಿಂಡಿಯಿಂದ ಉದ್ದದ ಲೆನ್ಸು ಹೊರಗೆ ಮೂತಿ ಚಾಚಿತ್ತು. ಗೂಡು ನಲವತ್ತು ಹೆಜ್ಜೆ ದೂರ. ಗೂಡಿನ ಹಿಂದೆ ನೂರು ಹೆಜ್ಜೆಯಾಚೆ ಏರಿ. ಏರಿಯ ಮೇಲೆ ಕಾವಲಿನವರು ದಿನಕ್ಕೆರಡು ಸಲ ಓಡಾಡುವುದು ಹಕ್ಕಿಗಳಿಗೆ ರೂಢಿಯಾಗಿತ್ತು. ಯಾರೂ ನೀರಿಗಿಳಿಯದಿದ್ದರೆ, ಯಾರೂ ಸದ್ದು ಮಾಡದಿದ್ದರೆ ಅವು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಅವನೊಬ್ಬನೇ ಬಂದು ಒಳಗೆ ಹೊಕ್ಕರೆ ಮಾತ್ರ ಮನುಷ್ಯ ಒಳಗಿದ್ದಾನೆಂದು ತಿಳಿದು ದಿನವಿಡೀ ಗೂಡಿನ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೇ ಇಬ್ಬರು ಹೋಗಬೇಕು, ಒಬ್ಬರು ಹೊರಗೆ ಬರಬೇಕು. ಹಕ್ಕಿಗೆ ಎಣಿಸಲು ಬಾರದು. ಬಂದವರು ಹೋದರು ಎಂದುಕೊಂಡು ಗೂಡಿಗೆ ಮರಳುತ್ತದೆ. ಸಂಜೆ ಮತ್ತೆ ಒಬ್ಬರು ಬಂದು ಕರೆದೊಯ್ಯುವವರೆಗೆ ಒಳಗಿದ್ದವನು ಇಲ್ಲದವನೇ. ಈ ಉಪಾಯವನ್ನು ಅವನು ಪುಸ್ತಕದಲ್ಲಿ ಓದಿ ಅಕ್ಕನಿಗೆ ಹೇಳಿದ್ದಾಗ ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕಿದ್ದಳು. “ಇದನ್ನ ಕಲಿಯೋಕೆ ಪುಸ್ತಕ ಬೇಕಾಯ್ತೇನೋ ನಿನಗೆ? ನಮ್ಮಪ್ಪ ಜೊಂಡು ಕೊಯ್ಯೋಕೆ ಇಳಿದಾಗಲೆಲ್ಲ ಮಾಡ್ತಿದ್ದದ್ದು ಇನ್ನೇನು?”

ಇವತ್ತೂ ಬೆಳಿಗ್ಗೆ ಮಂಜಿನಲ್ಲಿ ಮೊಳಕಾಲುದ್ದ ನೀರು ತುಳಿಯುತ್ತ ಬರುವಾಗ ಅವಳು ಬೇಕೆಂದೇ ಗಟ್ಟಿಯಾಗಿ ಮಾತಾಡುತ್ತಿದ್ದಳು. “ಕಾಲು ಎತ್ತಿಡೋ. ಬೂಟು ಹಾಕ್ಕೊಂಡ ಎಮ್ಮೆ ಥರ ಬರ್ತಿದ್ದೀಯ.”

“ಮೆತ್ತಗೆ ಅಕ್ಕಾ.”

“ಯಾಕೆ ಮೆತ್ತಗೆ? ಇಬ್ಬರು ಬಂದ್ರು ಅಂತ ಅವಕ್ಕೆ ಗೊತ್ತಾಗಲಿ. ಒಬ್ಬಳು ಬೈಕೊಂಡು ವಾಪಸ್ ಹೋದಳು ಅಂತಾನೂ ಗೊತ್ತಾಗಲಿ. ಆಮೇಲೆ ನೀನು ಸತ್ತವನ ಹಾಗೆ ಕೂತ್ಕೊ.”

ಕಿಂಡಿಯ ಮುಂದೆ ಜೊಂಡು ಎದೆಯುದ್ದ ಬೆಳೆದು ಗೂಡಿಗೆ ಅಡ್ಡವಾಗಿತ್ತು. ಸ್ವಲ್ಪ ಕೊಯ್ದುಕೊಡು ಎಂದು ಅವನೇ ಕೇಳಿದ. ಅವಳು ಸೊಂಟದಿಂದ ಕುಡುಗೋಲು ತೆಗೆದು, ನೀರಿನೊಳಗೆ ಕೈಯಿಟ್ಟು ಬುಡಕ್ಕೇ ಹಾಕಿ, ಹತ್ತು ಎಳೆತದಲ್ಲಿ ಬಯಲು ಮಾಡಿಕೊಟ್ಟಳು. ಕೊಯ್ದದ್ದನ್ನು ಅಲ್ಲೇ ಬಿಡಲಿಲ್ಲ, ಒಂದು ಜೊಂಡಿನಿಂದಲೇ ಬಿಗಿದು ಹೊರೆ ಮಾಡಿ ತಲೆಗೇರಿಸಿಕೊಂಡಳು. “ಬಿಸಾಡೋಕೆ ಮನಸ್ಸು ಬರಲ್ಲ ಕಣೋ. ಅರ್ಧ ಚಾಪೆ ಆಗುತ್ತೆ.” ಹೊರಟವಳು ತಿರುಗಿ ನಿಂತು ಕೇಳಿದಳು. “ಆ ಪರವಾನಗಿ ಕಾಗದದಲ್ಲಿ ನನ್ನ ಹೆಸರು ಇದೆ ತಾನೆ?”

“ಇದೆ.”

“ಹೇಗೆ ಬರೆದಿದ್ದಾರೆ? ಅಪ್ಪನ ಹೆಸರು ಸೇರಿಸಿನಾ?”

“ಸೇರಿಸಿಯೇ.”

ಅವಳ ಮುಖದ ಮೇಲೆ ಒಂದು ಬಗೆಯ ಗಾಂಭೀರ್ಯ ಬಂತು, ಹೊಸ ಸೀರೆ ಉಟ್ಟಾಗ ಬರುವಂಥದ್ದು. ಹಾಗೇ ತಲೆಯ ಮೇಲಿನ ಹೊರೆ ಅಲ್ಲಾಡದಂತೆ ನಡೆದುಹೋದಳು, ಬೈಯುತ್ತ, ನೀರು ಚಿಮ್ಮಿಸುತ್ತ. ಹತ್ತು ನಿಮಿಷದಲ್ಲಿ, ಕಾವಲಿನವರು ಏರಿಗೆ ಬರುವ ಮೊದಲೇ, ಸಾರಸಗಳು ಮರಳಿ ಬಂದವು.

ಹೆಸರು ಇರಲಿಲ್ಲ. ಪರವಾನಗಿ ಕೇಳಲು ಹೋದ ದಿನ ಸಾಹೇಬರ ಮೇಜಿನ ಮುಂದೆ ಕುರ್ಚಿಯಿದ್ದರೂ ಅವನು ನಿಂತೇ ಇದ್ದ. ಕೂತುಕೊಳ್ಳಿ ಎಂದು ಅವರು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅವರ ಟೀ ಮೇಲೆ ಕೆನೆಗಟ್ಟಿತ್ತು. ಅವರು ಅವನ ಬೂಟು ನೋಡಿ, ಒರೆಸಿಕೊಂಡು ಬಂದಿರಾ ಎಂದು ಕೇಳಿದ್ದರು. ಬಂದಿದ್ದ. ಎರಡು ಸಲ. “ಸಹಾಯಕರು ಯಾರಾದರೂ? ಆ ಜೊಂಡು ಕೊಯ್ಯುವ ಕೇರಿಯವರು ಯಾರೂ ಇಲ್ಲ ತಾನೆ? ಮರಿ ಮಾಡೋ ಮೂರು ತಿಂಗಳು ಅವರ ನೆರಳೂ ಬೀಳಬಾರದು ಇಲ್ಲಿ. ಕಳ್ಳರು.” ಜೊಂಡು ಹಿಡಿದವರ ಬೆರಳ ಸಂದಿಯಲ್ಲಿ ಕೂದಲೆಳೆಯಂಥ ಬಿಳಿ ಗಾಯದ ಗೆರೆಗಳು ಉಳಿದುಬಿಡುತ್ತವೆ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಇಲ್ಲ ಸಾರ್, ಯಾರೂ ಇಲ್ಲ. ನಾನೊಬ್ಬನೇ.” ಬಾಯಿಂದ ಎಷ್ಟು ಸಲೀಸಾಗಿ ಬಂತು! ಊಟ ಆಯ್ತಾ ಎಂದರೆ ಆಯ್ತು ಎಂದ ಹಾಗೆ. ಸಾಹೇಬರು ‘ಒಬ್ಬರೇ’ ಎಂದು ಬರೆದು ಕೆಳಗೆ ಗೆರೆ ಎಳೆದರು. “ಮರಿ ಬರೋ ಚಿತ್ರ ಒಂದು ಕೊಡಿ, ಧಾಮದ ಫೋಟೋಗ್ರಾಫರ್ ಕೆಲಸ ನಿಮ್ಮದೇ. ಆದರೆ ನಿಮ್ಮಿಂದ ಹಕ್ಕಿ ಒಂದೇ ಒಂದು ಸಲ ಗೂಡು ಬಿಟ್ಟು ಎದ್ದಿತು ಅಂತ ಕಾವಲಿನವರು ಹೇಳಿದರೆ, ಮತ್ತೆ ಈ ಕಡೆ ಮುಖ ಹಾಕಬೇಡಿ.” ಅವನು ತಲೆಯಾಡಿಸಿದ್ದ. ಹದಿನಾಲ್ಕು ವರ್ಷ ಬಸ್ ನಿಲ್ದಾಣದ ಪಕ್ಕದ ಕಿರಿದಾದ ಸ್ಟುಡಿಯೋದಲ್ಲಿ, ನೀಲಿ ಪರದೆಯ ಮುಂದೆ, ಗಲ್ಲ ಸ್ವಲ್ಪ ಕೆಳಗೆ, ಕಣ್ಣು ಮೇಲೆ, ಎನ್ನುತ್ತ ಊರಿನ ಮುಖಗಳನ್ನೆಲ್ಲ ಚೀಟಿಯಷ್ಟು ಮಾಡಿ ಕತ್ತರಿಸಿ ಕೊಟ್ಟವನು ಅವನು. ಆಮೇಲಾದರೂ ಅಕ್ಕನಿಗೆ ಹೇಳಬಹುದಿತ್ತು. ದಿನಾ ಬೆಳಿಗ್ಗೆ ಹೇಳಬೇಕೆಂದುಕೊಂಡ. ದಿನಾ ಬೆಳಿಗ್ಗೆ ನೀರು ತಣ್ಣಗಿರುತ್ತಿತ್ತು, ಅಕ್ಕ ತಮಾಷೆ ಮಾಡುತ್ತಿದ್ದಳು.

ಹೆಣ್ಣು ಸಾರಸ ಎದ್ದು ನಿಂತಿತು. ಬಗ್ಗಿ ಮೊಟ್ಟೆಯನ್ನು ನೋಡಿತು. ಕೊಕ್ಕಿನ ತುದಿಯಿಂದ ಹೊರಳಿಸಿತು. ಬಿರುಕು ಈಗ ತೂತಾಗಿತ್ತು, ತೂತಿನೊಳಗೆ ಏನೋ ಒದ್ದೆಯಾದದ್ದು ಮಿಡುಕುತ್ತಿತ್ತು. ಅವನು ಉಸಿರು ಬಿಗಿಹಿಡಿದು ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿದ. ಆಗಲೇ ಗೂಡಿನ ಹಿಂದೆ, ಚಿತ್ರದ ಮೇಲಂಚಿನಲ್ಲಿ, ಏರಿಯ ಮೇಲೆ ಬಣ್ಣಗಳು ಅಲುಗಿದವು. ಎರಡು ಖಾಕಿ, ಒಂದು ಕೆಂಪು. ಮಂಜಿನಲ್ಲಿ ಕರಗಿದ ಬಣ್ಣದ ಹಾಗೆ. ಕೆಂಪು, ಅಕ್ಕನ ಸೀರೆಯದು. ಲೆನ್ಸಿನ ಉಂಗುರವನ್ನು ಬೆರಳಿನಿಂದ ಕೂದಲಷ್ಟು ತಿರುಗಿಸಿದ. ಸಾರಸ ಹೊಗೆಯಂತೆ ಕರಗಿತು, ಅಕ್ಕ ಮುಂದೆ ಬಂದು ನಿಂತಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಖಾಕಿಯವರಲ್ಲಿ ಒಬ್ಬನನ್ನು ಅವನು ಬಲ್ಲ. ಊರಿಗೆಲ್ಲ ಅವನು ‘ಸೀಟಿ’. ಸೀಟಿ ಅವನ ತುಟಿಯಿಂದ ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಹೋದ ವಾರವಷ್ಟೇ ಮಗಳ ಶಾಲೆಯ ಅರ್ಜಿಗೆಂದು ಫೋಟೋ ತೆಗೆಸಲು ಬಂದು, ಮಗಳ ಕೂದಲನ್ನು ತಾನೇ ಬಾಚಿ, ನನ್ನದೂ ಒಂದು ಹೊಡೀರಿ ಎಂದು ಕೂತಿದ್ದ. ಇನ್ನೊಬ್ಬ ದಪ್ಪನೆಯವನು, ಹೊಸಬ. ಅಕ್ಕನ ತಲೆಯ ಮೇಲೆ ಹೊರೆ ಇನ್ನೂ ಇತ್ತು. ಅವಳು ಮರೆಯ ಕಡೆಗೆ ಕೈ ತೋರಿಸಿ ಏನೋ ಹೇಳುತ್ತಿದ್ದಳು. ಮೂವರೂ ಪಿಸುಗುಡುತ್ತಿದ್ದರು. ಗೂಡಿರುವ ಕಡೆ ಸದ್ದು ಮಾಡಬಾರದೆಂಬುದು ಕಾವಲಿನವರಿಗೂ ಆಜ್ಞೆ. ಸೀಟಿ ಇತ್ತ ನೋಡಿದ. ಮರೆಯನ್ನು ನೋಡಿದ, ಗೂಡಿನ ಮೇಲೆ ನಿಶ್ಚಿಂತೆಯಾಗಿ ನಿಂತ ಹಕ್ಕಿಯನ್ನು ನೋಡಿದ. ಒಳಗೆ ಮನುಷ್ಯನಿದ್ದರೆ ಹಕ್ಕಿ ಹೀಗಿರುತ್ತದೆಯೇ? ಹಕ್ಕಿಯಂತೆಯೇ ಅವನೂ ಮೋಸಹೋದ. ಜೇಬಿನಿಂದ ಪರವಾನಗಿಯ ನಕಲು ಕಾಗದ ತೆಗೆದು ಬಿಡಿಸಿ ಅವಳ ಮುಖಕ್ಕೆ ಹಿಡಿದ. ಅಕ್ಕ ಹೊರೆಯನ್ನು ಒಂದು ಕೈಯಲ್ಲಿ ಆನಿಸಿಕೊಂಡು ಇನ್ನೊಂದು ಕೈಯ ಬೆರಳನ್ನು ಕಾಗದದ ಮೇಲಿಟ್ಟಳು. ಅವಳಿಗೆ ಓದಲು ಬಾರದು. ಬೆರಳು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಕೆಳಗಿನಿಂದ ಮೇಲಕ್ಕೆ, ಇಲ್ಲೇ ಎಲ್ಲೋ ಇರಬೇಕು ಎಂಬಂತೆ, ಕತ್ತಲ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವಂತೆ ಹುಡುಕಿತು.

ಸೀಟಿಯ ಕೋಲಿನ ಮೊದಲ ಏಟು ಮೀನಖಂಡಕ್ಕೆ ಬಿತ್ತು. ಹೊರೆ ಬಿತ್ತು, ಅವಳು ಮಂಡಿಯೂರಿದಳು. ಬಾಯಿ ತೆರೆಯಿತು. ಅವನು ಕಾದ. ಆ ಕೂಗು ಬರಲಿ ಎಂದು ಕಾದ, ಬಂದರೆ ಹಕ್ಕಿ ಏಳುತ್ತದೆ, ಹಕ್ಕಿ ಎದ್ದರೆ ಎಲ್ಲ ಮುಗಿದುಹೋಗುತ್ತದೆ, ಮುಗಿದುಹೋದರೆ ತಾನು ಹೊರಗೆ ಬರಬಹುದು. ಬರಲಿಲ್ಲ. ಅಕ್ಕನ ಕಣ್ಣು ಗೂಡಿನ ಕಡೆ ಹೊರಳಿತು, ತೆರೆದ ಬಾಯನ್ನು ಅವಳೇ ಮುಚ್ಚಿಕೊಂಡಳು. ದಪ್ಪನೆಯವನು ಸುಮ್ಮನೆ, ಇರಲಿ ಎಂದು, ಅವಳ ಬಾಯಿಯ ಮೇಲೆ ಅಂಗೈ ಒತ್ತಿದ. ಹಿಂದೊಮ್ಮೆ ತನ್ನ ಬಾಯಿ ಮುಚ್ಚಿದ್ದ ಅಂಗೈ ನೆನಪಾಯಿತು, ಕೆಸರು ವಾಸನೆಯದು, ಉಪ್ಪುಪ್ಪು. ಆಗ ಅವನಿಗೆ ಆರು ವರ್ಷ, ನಾಯಿಕೆಮ್ಮು, ಜೊಂಡಿನ ನಡುವೆ ಕತ್ತಿನವರೆಗೆ ನೀರು. ಏರಿಯ ಮೇಲೆ ಬೂಟುಗಳು. ಅಕ್ಕ ಅವನ ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದಾಳೆ, ಉಸಿರುಗಟ್ಟುತ್ತಿದೆ, ಅವನು ಕಚ್ಚುತ್ತಾನೆ, ಹಲ್ಲು ಮಾಂಸಕ್ಕೆ ಇಳಿಯುತ್ತದೆ, ಅವಳು ಕೈ ತೆಗೆಯುವುದಿಲ್ಲ. ಬೂಟುಗಳು ಹೋದ ಮೇಲೆ ಕೈ ತೆಗೆದು, ರಕ್ತವನ್ನು ನೀರಲ್ಲಿ ತೊಳೆದು, “ನಾಯಿ ಜಾತಿಯವನೇ, ಹಲ್ಲು ಬಲವಾಗಿದೆ” ಎಂದು ನಗುತ್ತಾಳೆ. ಈಗ ಏರಿಯ ಮೇಲೆ ಸೀಟಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬೆನ್ನು. ಬೆನ್ನು. ಮೊಣಕೈ. ಸದ್ದೇ ಇರಲಿಲ್ಲ. ಕೋಲು ಇಳಿಯುತ್ತಿತ್ತು, ಸೀರೆ ಅದುರುತ್ತಿತ್ತು, ಅಷ್ಟೇ. ಜೌಗಿನಲ್ಲಿ ಕಪ್ಪೆಗಳು ವಟಗುಟ್ಟುತ್ತಿದ್ದವು. ಅಡ್ಡ ಬಿದ್ದವಳ ಮುಖಕ್ಕೆ ಸೀಟಿ ಬೂಟುಗಾಲು ಬೀಸಿದ.

ಹೋಗಬೇಕು. ಗೋಣಿ ಹರಿದು ಎದ್ದು ನಿಂತು ಒಂದು ಮಾತು ಕೂಗಿದರೆ ಸಾಕು. ಎದ್ದರೆ ಹಕ್ಕಿ ಹಾರುತ್ತದೆ, ಹಕ್ಕಿ ಹಾರಿದರೆ ಮೊಟ್ಟೆಯಿಂದ ಅರ್ಧ ಬಂದ ಮರಿ ಬಿಸಿಲಿಗೆ, ಇರುವೆಗೆ, ಹದ್ದಿಗೆ ಸಿಕ್ಕು ಸಾಯುತ್ತದೆ. ಒಂದು ಜೀವ. ಏನೂ ಅರಿಯದ ಜೀವ. ಕಾರಣ ಎಷ್ಟು ಚೆನ್ನಾಗಿತ್ತು! ಕಾರಣಕ್ಕೆ ಇಸ್ತ್ರಿ ಹಾಕಿ ಗರಿಗರಿ ಮಾಡಿ ತೊಡಿಸಿದ್ದರು ಯಾರೋ. ಜೊತೆಗೆ ಅಕ್ಕನೇ ಸದ್ದು ಮಾಡುತ್ತಿಲ್ಲವಲ್ಲ, ಅವಳೇ ಬೇಡ ಎನ್ನುತ್ತಿದ್ದಾಳಲ್ಲ. ನಾನೀಗ ಎದ್ದರೆ ಅವಳು ತಿಂದ ಏಟೆಲ್ಲ ದಂಡವಾಗುವುದಿಲ್ಲವೆ? ಇದನ್ನು ಯೋಚಿಸಿದ ತಲೆಯನ್ನು ಹಿಡಿದು ಹಲಗೆಗೆ ಜಜ್ಜಬೇಕೆನ್ನಿಸಿತು. ಜಜ್ಜಲಿಲ್ಲ, ಸದ್ದಾಗುತ್ತದೆ. ಬೆರಳು ತಾನಾಗಿ ಉಂಗುರವನ್ನು ತಿರುಗಿಸಿತು. ಅಕ್ಕ ಕರಗಿ ಕೆಂಪು ಕಲೆಯಾದಳು. ಸಾರಸದ ಕಣ್ಣು, ಕೆನ್ನೆಯ ಒಂದೊಂದು ಗರಿ, ಕೊಕ್ಕಿನ ಮೇಲಿನ ನೀರ ಹನಿ, ಎಲ್ಲ ಕೊರೆದಿಟ್ಟಂತೆ ಎದ್ದುನಿಂತವು. ಮೊಟ್ಟೆಯ ಚಿಪ್ಪು ಕಳಚಿತು. ರಕ್ತ ಮೆತ್ತಿದ, ಕುರೂಪದ, ತಲೆ ಎತ್ತಲಾಗದ ಒಂದು ಕತ್ತು ಹೊರಬಂತು. ತಾಯಿ ಅದರ ಕಡೆಗೆ ಬಗ್ಗಿತು. ಅವನು ಒತ್ತಿದ. ಸದ್ದು ಮಾಡದ ಕ್ಯಾಮೆರಾ ಅದು, ಸಾಲ ಮಾಡಿ ತಂದದ್ದು. ಒತ್ತಿದ, ಒತ್ತುತ್ತಲೇ ಹೋದ. ಕೈ ನಡುಗಲಿಲ್ಲ. ಅದೇ ಅವನನ್ನು ಆಮೇಲೆ ಹೆಚ್ಚು ಹೆದರಿಸಿದ್ದು. ಕೈ ಒಂದಿಷ್ಟೂ ನಡುಗಲಿಲ್ಲ.

ಮತ್ತೆ ಉಂಗುರ ತಿರುಗಿಸಿದಾಗ ಏರಿಯ ಮೇಲೆ ಕಾವಲಿನವರಿರಲಿಲ್ಲ. ಹೊರೆ ನೀರಿನಲ್ಲಿ ತೇಲುತ್ತಿತ್ತು. ಅಕ್ಕ ಕೂತಿದ್ದಳು. ಬಹಳ ಹೊತ್ತು ಕೂತೇ ಇದ್ದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿದ ಸೆರಗನ್ನು ನೋಡಿದಳು. ಎದ್ದಳು, ಕೂತಳು, ಎದ್ದಳು. ಅವನು ಇದನ್ನೆಲ್ಲ ಲೆನ್ಸಿನಲ್ಲಿ ನೋಡಿದ. ಬಿಸಿಲೇರಿ ಗೋಣಿಯೊಳಗೆ ಬೆವರು ಧಾರೆಯಾಯಿತು. ಮಧ್ಯಾಹ್ನ ಅವನಿಗೆ ಹಸಿವಾಯಿತು. ಹೊಟ್ಟೆ ಎಂಬುದು ಇಷ್ಟು ಹೇಸಿಗೆಯ ವಸ್ತುವೆಂದು ಗೊತ್ತಿರಲಿಲ್ಲ. ಚೀಲದಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿಯಿತ್ತು. ಡಬ್ಬದ ಮುಚ್ಚಳ ಕಿರ್ರೆನ್ನದಂತೆ ತೆರೆದು ತಿಂದ. ಪೂರ್ತಿ ತಿಂದ. ಬೆರಳಿಗಂಟಿದ್ದನ್ನೂ ನೆಕ್ಕಿದ.

ಸಂಜೆಗೆ ಇನ್ನೂ ಹೊತ್ತಿರುವಾಗಲೇ ಹಿಂದಿನಿಂದ ನೀರಿನ ಸದ್ದು ಕೇಳಿತು. ಒಂದು ಹೆಜ್ಜೆ, ನಿಲ್ಲುವುದು, ಎಳೆಯುವುದು, ಇನ್ನೊಂದು ಹೆಜ್ಜೆ. ದಿನಾ ಬೈಯುತ್ತ ಬರುವವಳು ಇವತ್ತು ಮಾತಿಲ್ಲದೆ ಬಂದಳು. ಗೋಣಿಯ ಹಿಂಬಾಗಿಲು ಸರಿಯಿತು. ಎಡಗಣ್ಣು ಮುಚ್ಚಿಹೋಗಿತ್ತು. ತುಟಿ ಎರಡಾಗಿ ಸೀಳಿತ್ತು. ಬಲಗೈಯನ್ನು ಎಡಗೈಯಲ್ಲಿ ಮಗುವಿನಂತೆ ಎತ್ತಿಕೊಂಡಿದ್ದಳು.

“ಮರಿ ಆಯ್ತಾ?” ಎಂದು ಪಿಸುಗುಟ್ಟಿದಳು.

“ಆಯ್ತು.”

“ಚೆನ್ನಾಗಿ ಬಂತಾ?”

ಅವನು ಖಾಲಿ ಬುತ್ತಿಯ ಡಬ್ಬವನ್ನು ಚೀಲದೊಳಗೆ ತಳ್ಳಿದ.

“ನಾನು ಸದ್ದು ಮಾಡಲಿಲ್ಲ,” ಎಂದಳು. ಆಮೇಲೆ, ಬೇರೆ ಯಾರದೋ ಸುದ್ದಿ ಹೇಳುವಂತೆ, “ಹೆಸರಿಲ್ಲ ಅಂದರು ಕಣೋ. ಓದೋಕೆ ಬರಲ್ಲ ಅಂತ ಆಟ ಆಡಿಸ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಆ ದಪ್ಪಗಿರೋನು ಹೇಳ್ದ, ಅಜ್ಜಿ, ಇಲ್ಲಿ ‘ಒಬ್ಬರೇ’ ಅಂತ ಗೆರೆ ಎಳೆದು ಬರೆದಿದೆ ಅಂತ. ಅಜ್ಜಿ ಅಂತಾನೆ ನನ್ನ, ಬೋಳೀಮಗ. ಮರೆತರಾ ಅವರು ಬರೆಯೋಕೆ?”

“ನಾನೇ ಹೇಳಲಿಲ್ಲ.”

ಅವಳ ಒಂದೇ ಕಣ್ಣು ಅವನ ಮೇಲೆ ನಿಂತಿತು. ಅವಳು ಹೊಡೆಯಲಿ ಎಂದುಕೊಂಡ. ಉಗಿಯಲಿ. ಬಾಗಿದ ಕತ್ತನ್ನು ಹಾಗೇ ಹಿಡಿದು ಕಾದ. ಅವಳು ಹೊಡೆಯಲಿಲ್ಲ. ಸೀಳಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡಳು.

“ನೋಡ್ತಿದ್ದೆಯಾ?”

“ನೋಡ್ತಿದ್ದೆ.”

“ಫೋಟೋ?”

“ಹಕ್ಕೀದು.”

“ಸರಿ,” ಎಂದಳು ಅವಳು. “ಈಗ ನನ್ನದು ತೆಗಿ.”

“ಅಂಗಡಿಗೆ ಹೋಗೋಣ ಅಕ್ಕಾ. ಮೊದಲು ಡಾಕ್ಟರ ಹತ್ರ. ಅಲ್ಲಿ ಲೈಟು ಹಾಕಿ...”

“ಲೈಟು! ನಿನ್ನ ನೀಲಿ ಪರದೆ ಮುಂದೆ ಕೂರಿಸಿ ಗಲ್ಲ ಕೆಳಗೆ ಅಂತೀಯೇನು? ಅಲ್ಲಿ ತೆಗೆದರೆ ಕುಡಿದು ಚರಂಡೀಲಿ ಬಿದ್ದಳು ಅಂತಾರೆ. ಗಂಡ ಹೊಡೆದ ಅಂತಾರೆ, ಸತ್ತು ಒಂಬತ್ತು ವರ್ಷ ಆದರೂ ಅವನೇ ಎದ್ದು ಬಂದು ಹೊಡೆದ ಅಂತಾರೆ. ಇಲ್ಲೇ ತೆಗಿ. ನಿನ್ನ ಹಕ್ಕಿನೂ ಕಾಣಬೇಕು ಅದರಲ್ಲಿ. ಏರಿನೂ ಕಾಣಬೇಕು. ಎಲ್ಲಿ ಅಂತ ಕುರುಡನಿಗೂ ಗೊತ್ತಾಗಬೇಕು.”

ಅವಳು ಮರೆಯನ್ನು ಬಳಸಿ ಮುಂದಕ್ಕೆ ಬಂದು ಲೆನ್ಸಿನ ಎದುರು ನಿಂತಳು. ಕಿಂಡಿಯ ತುಂಬ ಕೆಂಪು ತುಂಬಿತು. ಏನೂ ಕಾಣಲಿಲ್ಲ. ದೂರದ್ದನ್ನು ಮಾತ್ರ ನೋಡಬಲ್ಲ ಲೆನ್ಸು ಅದು, ಹನ್ನೆರಡು ಹೆಜ್ಜೆಗಿಂತ ಹತ್ತಿರ ಇರುವುದು ಅದಕ್ಕೆ ಕಾಣುವುದಿಲ್ಲ. ಅವನು ಅದನ್ನು ಹೇಳಬೇಕಾಯಿತು. “ಹಿಂದೆ ಹೋಗಬೇಕು.” ಹಿಂದೆ ಎಂದರೆ ಗೂಡಿನ ಕಡೆ. ಅವಳಿಗೂ ಅದು ಗೊತ್ತಿತ್ತು. ಕಣ್ಣು ಅವನ ಮೇಲಿಂದ ತೆಗೆಯದೆ, ಬೆನ್ನು ಗೂಡಿಗೆ ಮಾಡಿ, ಕಾಲಿನಿಂದ ತಳ ತಡವುತ್ತ ಹಿಂದೆ ಹಿಂದೆ ಹೋದಳು. ಮರಿ ಬಂದ ಮೇಲೆ ಗೂಡು ಬಿಡಲೊಲ್ಲದ ಗಂಡು ಸಾರಸ ಕತ್ತೆತ್ತಿತು. “ಸಾಕಾ?” ಎಂದಳು. ಮುಖವಷ್ಟೇ ಬರುತ್ತಿತ್ತು, ಹಿಂದೆ ಬರಿಯ ಹಸಿರು ಮಬ್ಬು. ಸಾಕು ಎನ್ನಬಹುದಿತ್ತು. ಅವನ ಗಂಟಲಿನಲ್ಲಿ ಆ ಮಾತು ಬಂದು ಕೂತಿತ್ತು, ಸಾಕು ಅಕ್ಕಾ, ಬಂತು, ಹೋಗೋಣ. ಬೆಳಿಗ್ಗೆ ‘ಸೇರಿಸಿಯೇ’ ಎಂದಷ್ಟೇ ಸಲೀಸಾಗಿ ಬಂದುಬಿಡುತ್ತಿತ್ತು. ಮರಿ ತಾಯಿಯ ರೆಕ್ಕೆಯಡಿಯಿಂದ ಒದ್ದೆ ತಲೆ ಹೊರಹಾಕಿತ್ತು.

“ಇನ್ನೂ ಹಿಂದೆ,” ಎಂದ ಅವನು.

ಅವಳು ಹೋದಳು. “ಇನ್ನೂ.” ಹೋದಳು. ಸಾರಸಗಳೆರಡೂ ಎದ್ದವು. ಬೆಳಗಿನಿಂದ ಯಾರೂ ಕೂಗದ ಕೂಗನ್ನೆಲ್ಲ ಸೇರಿಸಿ ಕೂಗಿದಂತೆ, ತಗಡು ಸೀಳಿದಂತೆ ಅವು ಕೂಗಿಕೊಂಡವು. ಇಡೀ ಜೌಗು ಬೆಚ್ಚಿತು. ಬಾತು, ಕೊಕ್ಕರೆ, ನೀರುಕೋಳಿ, ಸಾವಿರ ರೆಕ್ಕೆ ಒಟ್ಟಿಗೆ ಬಡಿದು ಆಕಾಶ ಕಪ್ಪಾಯಿತು. ಗಂಡು ಸಾರಸ ರೆಕ್ಕೆ ಹರಡಿ ಹಾರಿ ಬಂದು ಅಕ್ಕನ ಹೆಗಲಿಗೆ ಕೊಕ್ಕು ಹಾಕಿತು, ಕಾಲಿನಿಂದ ಒದೆಯಿತು. ಅವಳು ಅದರತ್ತ ತಿರುಗಲಿಲ್ಲ. ಮುಖವನ್ನು ಲೆನ್ಸಿಗೆ ಕೊಟ್ಟು ನಿಂತಳು. ಮುಚ್ಚಿದ ಕಣ್ಣು, ಸೀಳಿದ ತುಟಿ, ತುಟಿಯ ಹಿಂದೆ ಮುರಿದ ಹಲ್ಲಿನ ತುಂಡು, ಕೆನ್ನೆಯ ಮೇಲೆ ಬೂಟಿನ ಅಟ್ಟೆಯ ಗೆರೆ. ಅವಳ ಹಿಂದೆ ರೆಕ್ಕೆ. ರೆಕ್ಕೆಯ ಹಿಂದೆ ಗೂಡು. ಗೂಡಿನ ಹಿಂದೆ ಏರಿ. ಅವನು ಒತ್ತಿದ. ಈಗ ಕೈ ಗಡಗಡ ನಡುಗುತ್ತಿತ್ತು. ಒಂದೊಂದು ಚಿತ್ರಕ್ಕೂ ಉಸಿರು ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಒತ್ತಿದ.

ಏರಿಯ ಮೇಲೆ ಸೀಟಿ ತನ್ನ ಸೀಟಿ ಊದಿದ. ಬೂಟುಗಳು ನೀರಿಗಿಳಿದವು. ಅವನು ಗೋಣಿಯನ್ನು ಎರಡು ಕೈಯಿಂದ ಹಿಡಿದೆಳೆದ. ಗಳ ಮುರಿದವು, ಮರೆ ಕುಸಿಯಿತು, ಅವನು ಬಯಲಿನಲ್ಲಿ ನಿಂತ. “ಯಾರದು? ಯಾವನೋ ಅದು ಒಳಗಿದ್ದದ್ದು?” ಕೂಗುವಾಗ ಸೀಟಿಯ ದನಿ ಅಷ್ಟು ಕೀರಲು ಎಂದು ಅವನಿಗೆ ಗೊತ್ತಿರಲಿಲ್ಲ. ಉಂಗುರ ತಿರುಗಿಸಿದ. ಕೋಲೆತ್ತಿ ಓಡಿಬರುತ್ತಿದ್ದವನ ಮುಖ, ತೆರೆದ ಬಾಯಿ, ಅಂಗಿಯ ಮೇಲಿನ ಸಂಖ್ಯೆ. ಒತ್ತಿದ. ಇಪ್ಪತ್ತು ಹೆಜ್ಜೆ. ಒತ್ತಿದ. ಹನ್ನೆರಡಕ್ಕೆ ಎಲ್ಲ ಮಬ್ಬಾಯಿತು. ಕ್ಯಾಮೆರಾದ ಹೊಟ್ಟೆ ತೆರೆದು ಚಿತ್ರಗಳಿದ್ದ ಉಗುರಗಲದ ಕಾರ್ಡನ್ನು ತೆಗೆದು, ಕುಂಟುತ್ತ ಹತ್ತಿರ ಬಂದಿದ್ದ ಅಕ್ಕನ ಎಡಗೈಗೆ ಒತ್ತಿದ. ಅವಳು ಅದನ್ನು ಬಾಯೊಳಗೆ, ಮುರಿದ ಹಲ್ಲಿನ ಪಕ್ಕಕ್ಕೆ, ಹಾಕಿಕೊಂಡು ಜೊಂಡಿನೊಳಗೆ ನುಸುಳಿದಳು. ಜೊಂಡು ಒಂದು ಸಲ ಅಲುಗಿ ಮುಚ್ಚಿಕೊಂಡಿತು.

ಗೂಡಿನ ಮೇಲೆ ಯಾರೂ ಇರಲಿಲ್ಲ. ಮರಿ ಬಿಸಿಲಲ್ಲಿ ಕತ್ತು ಎತ್ತಲು ನೋಡುತ್ತಿತ್ತು, ಎತ್ತಲಾಗದೆ ಬೀಳುತ್ತಿತ್ತು. ಮೇಲೆ ಹದ್ದೊಂದು ಆಗಲೇ ಸುತ್ತು ಹಾಕುತ್ತಿತ್ತು. ಅವನು ಅದನ್ನು ನೋಡಿದ, ನೋಡಿಯೂ ಅದರ ಕಡೆಗೆ ಹೋಗಲಿಲ್ಲ. ಬರುತ್ತಿದ್ದವರ ಎದುರಿಗೆ, ಜೊಂಡಿಗೆ ಅಡ್ಡವಾಗಿ, ಕೈ ಬೀಸಿಕೊಂಡು ನಡೆದ. ಮೊದಲ ಏಟು ಹೆಗಲಿಗೆ ಬಿತ್ತು. ಎರಡನೆಯದು ಬೀಳುವ ಮೊದಲೇ ಅವನು ಬಾಯಿ ತೆರೆದು, ಏರಿಯಾಚೆಗೆ, ಕೇರಿಗೆ, ಕಚೇರಿಗೆ, ಜೌಗಿನ ನಾಲ್ಕೂ ದಿಕ್ಕಿಗೆ ಕೇಳುವಂತೆ ಕೂಗತೊಡಗಿದ.